ಗಾಜಿನ ತಳ ಎಷ್ಟು ನಿಜ ಹೇಳುತ್ತದೆ? ಡ್ಯುರಾಲೆಕ್ಸ್, ಬಕಾರಾ, ಲಾಲಿಕ್

ನಮ್ಮ ಮನೆಯ ಪಾತ್ರೆಗಳು ವಯಸ್ಸು ಮುಚ್ಚಿಟ್ಟುಕೊಂಡವಲ್ಲ. ಅಜ್ಜಿಯ ಹಿತ್ತಾಳೆ ಬಿಂದಿಗೆಯ ಕಂಠದ ಮೇಲೆ ಕೊಟ್ಟವರ ಹೆಸರು, ಮದುವೆಯ ತಾರೀಖು ಎರಡನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಪ್ಯಾರಿಸ್ಸಿಗೆ ಬಂದು ಹಳೇ ಗಾಜಿನ ಹುಚ್ಚು ಹತ್ತಿದ ಮೇಲೂ ನಾನು ಹುಡುಕಿದ್ದು ಅದನ್ನೇ. ತಳ ತಿರುಗಿಸಿದರೆ ವರ್ಷ ಸಿಗಬೇಕು ಅಂತ. ಸಿಗಲಿಲ್ಲ. ಹೆಸರು ಸಿಗುತ್ತದೆ, ಕೆಲವು ಸಲ ಒಂದು ಅಂಕಿ ಸಿಗುತ್ತದೆ, ‘ಫ್ರಾನ್ಸ್’ ಅನ್ನೋ ಪದ ಸಿಗುತ್ತದೆ. ಉಳಿದದ್ದು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಇಲ್ಲಿ ಭಾನುವಾರ ಬಂದರೆ ಒಂದಲ್ಲ ಒಂದು ಬಡಾವಣೆಯಲ್ಲಿ ‘ವಿದ್-ಗ್ರೆನಿಯೆ’ ನಡೆಯುತ್ತದೆ. ಹೆಸರಿನ ಅರ್ಥವೇ ಅಟ್ಟ ಖಾಲಿ ಮಾಡುವುದು. ಮೂರು ವರ್ಷ ಈ ಸಂತೆಗಳಲ್ಲಿ ತಳ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಯಾವ ಗಾಜು ಚೆಂದ ಎನ್ನುವ ಮಾತು ಬೇರೆ. ಫ್ರಾನ್ಸಿನ ಈ ಮೂರು ಗಾಜಿನ ಕಂಪನಿಗಳಲ್ಲಿ ಯಾರ ಗುರುತನ್ನು ನಂಬಿ ಕಾಲ ಹೇಳಬಹುದು ಎನ್ನುವುದಷ್ಟೇ ಇಲ್ಲಿನ ಹೋಲಿಕೆ.

ಮೊದಲು ಕೊಂಡದ್ದು ಡ್ಯುರಾಲೆಕ್ಸ್ ಲೋಟಗಳು, ಆರಕ್ಕೆ ಮೂರು ಯೂರೊ. ಒಂದರ ತಳದಲ್ಲಿ 46 ಅಂತಿತ್ತು. ‘ಸಾವಿರದ ಒಂಬೈನೂರ ನಲವತ್ತಾರು, ಸಾರ್’ ಅಂದ ಮಾರುವವ. ತಮಾಷೆಯೆಂದರೆ, ಆ ಲೋಟದ ‘ಜಿಗೋನ್’ ವಿನ್ಯಾಸ ಹುಟ್ಟಿದ್ದು ನಿಜವಾಗಿಯೂ 1946ರಲ್ಲೇ. ಹಾಗಾಗಿ ಅವನ ಮಾತು ನಂಬುವ ಹಾಗೇ ಇತ್ತು. ಮನೆಗೆ ಬಂದು ಮಿಕ್ಕವನ್ನು ತಿರುಗಿಸಿದೆ: 12, 31, 7. ಆ ಲೆಕ್ಕದಲ್ಲಿ 1907ರ ಲೋಟವೂ ನನ್ನ ಪಾಲಿಗೆ ಬಂದಂತಾಯಿತು. ಕಂಪನಿ ಶುರುವಾದದ್ದೇ 1945ರಲ್ಲಿ! ಆಫೀಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಅದು ಅಚ್ಚಿನ ಸಂಖ್ಯೆಯಂತೆ. ಒಂದು ಅಚ್ಚು ಕೆಟ್ಟು ಲೋಟ ಓರೆಯಾಗಿ ಬಂದರೆ ಯಾವ ಅಚ್ಚು ಅಂತ ಹಿಡಿಯುವುದಕ್ಕೆ. ಇಲ್ಲಿ ಶಾಲೆಯ ಕ್ಯಾಂಟೀನಿನಲ್ಲಿ ಉಂಡು ಬೆಳೆದವರಿಗೆಲ್ಲ ಆ ಅಂಕಿ ಗೊತ್ತು. ನೀರು ಕುಡಿದು ತಳ ನೋಡಿ ‘ನಿನಗೆಷ್ಟು ವಯಸ್ಸು?’ ಅಂತ ಕೇಳುವುದು ಮಕ್ಕಳ ಆಟ.

ಅಂದರೆ ಡ್ಯುರಾಲೆಕ್ಸಿನ ಅಂಕಿ ವರ್ಷ ಹೇಳುವುದಿಲ್ಲ, ಆಕಾರ ಒಂದಿಷ್ಟು ಹೇಳುತ್ತದೆ. ಮುಖ ಮುಖವಾಗಿ ಕಡೆದಂತಿರುವ ‘ಪಿಕಾರ್ಡಿ’ ಬಂದದ್ದು 1954ರಲ್ಲಿ, ಆದ್ದರಿಂದ ಅದಕ್ಕಿಂತ ಹಳೆಯ ಪಿಕಾರ್ಡಿ ಇರಲಾರದು. ಈಚಿನ ಗಡಿ ಮಾತ್ರ ಸಿಗದು, ಯಾಕೆಂದರೆ ಅದೇ ಲೋಟವನ್ನು ಓರ್ಲೆಯಾನ್ ಪಕ್ಕದ ಕಾರ್ಖಾನೆಯಲ್ಲಿ ಈಗಲೂ ಮಾಡುತ್ತಾರೆ. (ಇದನ್ನು ಶುರು ಮಾಡಿದ್ದು ನಮ್ಮಲ್ಲಿ ಕಿಟಕಿ ಗಾಜಿಗೆ ಹೆಸರಾದ ಅದೇ ಸೇಂಟ್ ಗೋಬೇನ್. 2024ರಿಂದ ಕೆಲಸಗಾರರ ಸಹಕಾರಿ ಸಂಘ ನಡೆಸುತ್ತಿದೆ.)

ಉತ್ತರ ಫ್ರಾನ್ಸಿನ ಆರ್ಕ್ ಊರಿನ ಗಾಜಿನದ್ದೂ ಇದೇ ಕಥೆ, ಆದರೆ ಅಲ್ಲಿ ಬ್ರ್ಯಾಂಡಿನ ಹೆಸರೇ ಕೆಲಸಕ್ಕೆ ಬರುತ್ತದೆ. ಲ್ಯುಮಿನಾರ್ಕ್ ಅಂತಿದ್ದರೆ 1948ರ ಈಚಿನದು, ಆರ್ಕೊಪಾಲ್ ಅಂತಿದ್ದರೆ 1958ರ ಈಚಿನದು, ಕ್ರಿಸ್ಟಾಲ್ ದಾರ್ಕ್ ಅಂತಿದ್ದರೆ 1968ರ ಈಚಿನದು. ಮಂಗಳೂರಿನ ದೊಡ್ಡಮ್ಮನ ಷೋಕೇಸಿನಲ್ಲಿ ಗಲ್ಫಿನಿಂದ ಬಂದ ಹೂವಿನ ಆರ್ಕೊಪಾಲ್ ತಟ್ಟೆಗಳಿದ್ದವು. ಅವು ಯಾವ ರಾಜರ ಕಾಲದವೂ ಅಲ್ಲ ಅಂತ ನಾನೀಗ ಧೈರ್ಯವಾಗಿ ಹೇಳಬಲ್ಲೆ. ದೊಡ್ಡಮ್ಮನ ಎದುರಿಗೆ ಹೇಳುವ ಧೈರ್ಯ ಮಾತ್ರ ಬಂದಿಲ್ಲ.

ಬಕಾರಾ ಬೇರೆಯೇ ಜಾತಿ. ಲೊರೇನ್ ಪ್ರಾಂತ್ಯದಲ್ಲಿ 1764ರಿಂದ ಇರುವ ಕಾರ್ಖಾನೆ. ಅಷ್ಟು ಹಳೆಯದಾದರೂ ಲೋಟಗಳ ಮೇಲೆ ಹೆಸರು ಹಾಕುವುದರಲ್ಲಿ ಜಿಪುಣತನ. 1860ರಲ್ಲಿ ನೋಂದಾಯಿಸಿದ ಗುರುತು ಬಹುಪಾಲು ಕಾಗದದ ಚೀಟಿಯಾಗಿಯೇ ಇತ್ತು. ಮೊದಲ ಸಲ ತೊಳೆದ ನೀರಲ್ಲೇ ಅದು ಹೋಗಿರುತ್ತದೆ. ಅಚ್ಚಿನಲ್ಲೇ ಹೆಸರು ಮೂಡಿಸಿದ ಕೆಲವು ಹಳೆಯ ಸಾಮಾನು ಇವೆ, ಆದರೆ ಕುಡಿಯುವ ಲೋಟಗಳಿಗೆಲ್ಲ ಆಸಿಡ್ಡಿನಿಂದ ಮುದ್ರೆ ಹಾಕಲು ಶುರುವಾದದ್ದು 1936ರಲ್ಲಿ. ವೃತ್ತದೊಳಗೆ ನಡುವೆ ಒಂದು ಹೂಜಿ, ಅಕ್ಕಪಕ್ಕ ಎರಡು ಲೋಟ. ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಬೆಳಕಿಗೆ ಹಿಡಿದು ಹಿಡಿದು ಸೋತಿದ್ದಾಗ ಒಬ್ಬ ಮುದುಕಿ ಲೋಟ ಇಸಿದುಕೊಂಡು, ಕನ್ನಡಕ ಒರೆಸುವಾಗ ಮಾಡುವ ಹಾಗೆ, ತಳದ ಮೇಲೆ ‘ಹಾ’ ಅಂತ ಉಸಿರು ಬಿಟ್ಟಳು. ಆವಿ ಕೂತ ಕಡೆ ಮುದ್ರೆ ಬೆಳ್ಳಗೆ ಎದ್ದು ಬಂತು. ಅವತ್ತಿನಿಂದ ಸಂತೆಯಲ್ಲೆಲ್ಲ ನನ್ನದೂ ಹಾ, ಹಾ.

ನನ್ನ ಹತ್ತಿರ ಎರಡು ‘ಆರ್ಕೂರ್’ ಮಾದರಿಯ ಲೋಟಗಳಿವೆ, ಒಂದಕ್ಕೆ ಮುದ್ರೆ ಇದೆ, ಇನ್ನೊಂದಕ್ಕಿಲ್ಲ. ವಿನ್ಯಾಸ 1841ರದ್ದು, ಇಂದಿಗೂ ತಯಾರಾಗುತ್ತದೆ. ಮುದ್ರೆ ಇದ್ದದ್ದರ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟೇ: 1936ರ ಈಚಿನದು. ಇಲ್ಲದ್ದನ್ನು ಮಾರಿದವ, ಮುದ್ರೆ ಇಲ್ಲ, ಅಂದಮೇಲೆ 1936ಕ್ಕಿಂತ ಹಿಂದಿನದು ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಮುದ್ರೆ ಇಲ್ಲದಿರುವುದಕ್ಕೆ ಅದು ಬಕಾರಾ ಅಲ್ಲವೇ ಅಲ್ಲ ಅನ್ನೋದೂ ಕಾರಣ ಇರಬಹುದಲ್ಲ! ಹಾಗೆ ಮುಖ ಕಡೆದ ಲೋಟಗಳನ್ನು ಬೊಹೀಮಿಯಾದಲ್ಲೂ ಬೆಲ್ಜಿಯಮ್ಮಿನಲ್ಲೂ ಮಾಡಿದ್ದಾರೆ. ಇಂಥ ಕಡೆ ತಳದ ಸವಕಲು ನೋಡುವುದು ವಾಸಿ. ನಿಜವಾಗಿ ಬಳಸಿದ ಲೋಟದ ಗೀರುಗಳು ಮೇಜಿಗೆ ತಾಗುವ ಅಂಚಿನಲ್ಲಷ್ಟೇ ಇರುತ್ತವೆ, ಅಡ್ಡಾದಿಡ್ಡಿ ಇರುತ್ತವೆ. ಮರಳು ಕಾಗದ ಉಜ್ಜಿದ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ.

ಈ ಮೂರರಲ್ಲಿ ಲಾಲಿಕ್ ಗುರುತಿನಷ್ಟು ಚೊಕ್ಕವಾಗಿ ಕಾಲ ಹೇಳುವ ಗುರುತು ಇನ್ನೊಂದಿಲ್ಲ. ಕಂಪನಿ ಕಟ್ಟಿದ ಗಾಜು ಕಲಾವಿದ ರೆನೆ ಲಾಲಿಕ್ ತೀರಿಕೊಂಡದ್ದು 1945ರಲ್ಲಿ. ಅಲ್ಲಿವರೆಗೆ ‘ಆರ್. ಲಾಲಿಕ್’. ಆಮೇಲೆ ಮಗ ಮಾರ್ಕ್ ಕಾಲಕ್ಕೆ ಆ ಆರ್ ಹೋಗಿ ‘ಲಾಲಿಕ್ ಫ್ರಾನ್ಸ್’ ಉಳಿಯಿತು. ವೃತ್ತದೊಳಗಿನ ಸಣ್ಣ ಆರ್, ಅಂದರೆ ನೋಂದಣಿ ಚಿಹ್ನೆ, ಜೊತೆಗಿದ್ದರೆ ಇನ್ನೂ ಹಲವು ದಶಕ ಈಚಿನದು. ‘ಬಕಾಂತ್’ ಹೂದಾನಿಯನ್ನು 1927ರಿಂದ ಮಾಡುತ್ತಿದ್ದಾರೆ, ಮೊದಲಿನದ್ದಕ್ಕೂ ಆಮೇಲಿನದ್ದಕ್ಕೂ ನಡುವೆ ನಿಂತಿರುವುದು ಆ ಒಂದಕ್ಷರ. ಬೆಲೆಯೂ ಅದರ ಮೇಲೆಯೇ.

ಕಳ್ಳರ ಕಣ್ಣು ಬಿದ್ದದ್ದೂ ಅಲ್ಲೇ. ಯುದ್ಧಾನಂತರದ ತಟ್ಟೆಗೆ ಒಂದು ಆರ್ ಕೊರೆದರೆ ಸಾಕು. ನಾನು ಎಂಬತ್ತು ಯೂರೊ ಎಣಿಸಿ ಕೈಯಲ್ಲಿ ಹಿಡಿದಿದ್ದ ಒಂದು ತಟ್ಟೆಯಲ್ಲಿ ಆರ್ ಪಕ್ಕದ ಅಂತರ ಮಿಕ್ಕ ಅಕ್ಷರಗಳ ನಡುವಿನ ಅಂತರದಂತಿರಲಿಲ್ಲ. ಭೂತಗನ್ನಡಿ ಹಿಡಿದೆ. ತಳದ ಹಳೇ ಗೀರುಗಳು ‘ಲಾಲಿಕ್’ ಮೇಲೆ ಹಾದು ಹೋಗಿದ್ದವು, ಆರ್ ಮಾತ್ರ ಆ ಗೀರುಗಳನ್ನು ಕತ್ತರಿಸಿಕೊಂಡು ಕೂತಿತ್ತು. ದುಡ್ಡು ಜೇಬಿಗೆ ಹಾಕಿಕೊಂಡೆ. ಗಾಲೆ ಎನ್ನುವ ಇನ್ನೊಬ್ಬ ಫ್ರೆಂಚ್ ಗಾಜು ಕಲಾವಿದನ ಹೆಸರಿನ ಹೂದಾನಿಗಳಲ್ಲೂ ಇಂಥದ್ದೇ ಕೈಚಳಕ: ರೊಮೇನಿಯಾದ ನಕಲುಗಳಲ್ಲಿ ಹೆಸರಿನ ಪಕ್ಕ ‘ಟಿಪ್’ ಅಂತಿರುತ್ತದೆ, ‘ಮಾದರಿ’ ಅಂತ ಅರ್ಥ. ಅದನ್ನು ಉಜ್ಜಿ ಅಳಿಸಿ ಅಸಲಿ ಅಂತ ಮಾರುತ್ತಾರೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಓಟು ಬಕಾರಾಗೆ. ಅದು ಹೇಳುವುದು ಒಂದೇ ಮಾತು, ಆದರೆ ಉಸಿರು ಬಿಟ್ಟು ನೋಡಿಯೇ ಕೊಂಡರೆ ಮೋಸ ಕಡಿಮೆ. ಲಾಲಿಕ್ ಹೆಚ್ಚು ಹೇಳುತ್ತದೆ, ಆದರೆ ಭೂತಗನ್ನಡಿ ಇಲ್ಲದೆ ಅದರ ಹತ್ತಿರ ಹೋಗಬೇಡಿ. ಡ್ಯುರಾಲೆಕ್ಸಿನಿಂದ ಕಾಲ ತಿಳಿಯುವ ಆಸೆ ಬಿಟ್ಟು ಕಾಫಿ ಕುಡಿಯಿರಿ. ನಮ್ಮ ಮನೆಯಲ್ಲಿ 46ನೇ ನಂಬರಿನ ಲೋಟ ಹೆಂಡತಿಯದು. ಅದನ್ನು ಜೋರಾಗಿ ಓದಿ ಹೇಳಬೇಡಿ ಎಂದಿದ್ದಾಳೆ.