ಚಿತ್ರಸಂತೆಯೋ, ಮಾಣಿಕ್ಯವೇಲು ಬಂಗಲೆಯೋ, ಮ್ಯಾಪೋ?

ಮನೆಯವರೆಲ್ಲ ಸೇರಿ ಬೆಂಗಳೂರಿನಲ್ಲಿ ಕಲೆ ನೋಡಲು ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಯಾರು ಜೊತೆಗೆ ಬರುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ.

ಕಲಾವಿದರ ಜೊತೆ ಮಾತಾಡುವ ಆಸೆಯಿದ್ದರೆ ಚಿತ್ರಸಂತೆಗೆ ಸಾಟಿಯಿಲ್ಲ. 2003ರಲ್ಲಿ ಚಿತ್ರಕಲಾ ಪರಿಷತ್ತು ಶುರುಮಾಡಿದ ಈ ಸಂತೆಗಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ಪ್ರವೇಶ ಉಚಿತ. ಗ್ಯಾಲರಿ ಬಾಗಿಲು ದಾಟಲು ಹಿಂಜರಿಯುವವರೂ ಇಲ್ಲಿ ಚಿತ್ರದ ಮುಂದೆ ನಿಂತು ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ನನಗೆ ತುಂಬಾ ಇಷ್ಟವಾಗುವುದು ಇದೇ. ಆದರೆ ನೂಕುನುಗ್ಗಲು ಜಾಸ್ತಿ. ಮಂಡಿನೋವಿನ ಅಜ್ಜಿಗೆ, ತಳ್ಳುಗಾಡಿಯ ಮಗುವಿಗೆ ಕಷ್ಟ.

ಅವರಿಗೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ವಾಸಿ. 2009ರಿಂದ ಹಳೆಯ ಮಾಣಿಕ್ಯವೇಲು ಬಂಗಲೆಯಲ್ಲಿದೆ. ಮರಗಳ ನೆರಳಿದೆ, ಟಿಕೆಟ್ ದುಬಾರಿಯಲ್ಲ. ಸೋಮವಾರ ರಜೆ.

ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, 2023ರಲ್ಲಿ ತೆರೆಯಿತು. ನೀರಿನ ಟ್ಯಾಂಕ್ ನೆನಪಿಸುವ ಉಕ್ಕಿನ ಹೊದಿಕೆಯ ಕಟ್ಟಡವೇ ನೋಡುವಂಥದ್ದು. ಚಿತ್ರಕಲೆಯ ಜೊತೆ ಹಳೆಯ ಫೋಟೊ, ಬಟ್ಟೆ, ಸಿನಿಮಾ ಪೋಸ್ಟರ್‌ಗಳನ್ನೂ ಕೂಡಿಟ್ಟಿದ್ದಾರೆ. ಚಿತ್ರಕಲೆ ಬೋರು ಅನ್ನುವ ಹದಿಹರೆಯದವರಿದ್ದರೆ ಇಲ್ಲಿಗೇ ಕರೆದುಕೊಂಡು ಹೋಗಿ.