ಹವಾ ನಗೀಲಾ: ಬೆಲಾಫಾಂಟೆ ಹಾಡಿದ್ದಾ, ಲೀನಾ ಹಾರ್ನ್ ಹಾಡಿದ್ದಾ?

'ಹವಾ ನಗೀಲಾ' ಅಂದರೆ ಯಹೂದಿಗಳ ಮದುವೆ ಮನೆಗಳಲ್ಲಿ ಕುಣಿಯುವ ಹಾಡು. ಧಾಟಿ ಒಂದೇ, ಪೂರ್ವ ಯುರೋಪಿನ ಹಸೀದಿ ಎಂಬ ಭಕ್ತಿಪಂಥದ ಯಹೂದಿಗಳದ್ದು. ಹಾಡಿದವರಿಬ್ಬರೂ ಅಮೆರಿಕದ ಕಪ್ಪು ಗಾಯಕರು. ಎರಡು ವಾರ ಬೆಳಗಿನ ವಾಕಿಂಗ್‌ನಲ್ಲಿ ಇವರನ್ನೇ ಒಬ್ಬರಾದ ಮೇಲೆ ಒಬ್ಬರಂತೆ ಕೇಳಿದೆ.

ಹ್ಯಾರಿ ಬೆಲಾಫಾಂಟೆ ಇದನ್ನು 1959ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಮಾತು ಹೀಬ್ರೂನಲ್ಲೇ ಇದೆ. 'ಬನ್ನಿ, ಖುಷಿಪಡೋಣ' ಅಂತ ಅರ್ಥ. ನಿಧಾನಕ್ಕೆ ಶುರುವಾಗಿ ಬರಬರುತ್ತಾ ಓಟ ಹೆಚ್ಚುತ್ತದೆ, ಜೊತೆಗೆ ನನ್ನ ನಡಿಗೆಯೂ. ಮನೆಗೆ ಬಂದು ಹಾರ್ಮೋನಿಯಂ ಮೇಲೆ ಸ್ವರ ಹುಡುಕಿದೆ. ಸಂಗೀತ ಪಾಠದ ಸರಳೆ ವರಸೆ ಮಾಯಾಮಾಳವಗೌಳದಲ್ಲಿ ಅಲ್ವಾ? ಅದರ ನಿಷಾದ ಒಂದನ್ನು ಇಳಿಸಿದರೆ ವಕುಳಾಭರಣ. ಹವಾ ನಗೀಲಾದ ಮೊದಲ ಸಾಲು ಅಲ್ಲಿ ಸಲೀಸಾಗಿ ಕೂರುತ್ತದೆ. ಮೊದಲ ಸಲ ಕೇಳಿದಾಗಲೇ ಪರಿಚಯದ ಹಾಡು ಅನ್ನಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಲೀನಾ ಹಾರ್ನ್ ಅವರ 'ನೌ!' 1963ರದ್ದು. ಇಲ್ಲಿ ಹೀಬ್ರೂ ಇಲ್ಲ, ಇಂಗ್ಲಿಷ್. ಬೆಟ್ಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್ ಬರೆದರು, ಜೂಲ್ ಸ್ಟೈನ್ ಧಾಟಿ ಹೊಂದಿಸಿದರು. ಮೂವರೂ ಯಹೂದಿಗಳು. ಎಲ್ಲರೂ ಸಮಾನರು ಅಂತ ಬರೆದಿಟ್ಟಿದ್ದೀರಲ್ಲ, ಆ ಸಮಾನತೆಯನ್ನು ಕಪ್ಪು ಜನಕ್ಕೂ ಈಗಲೇ ಕೊಡಿ ಅಂತ ಅಮೆರಿಕಕ್ಕೆ ಹೇಳುವ ಹಾಡು. ಮದುವೆ ಮನೆ ಕುಣಿತದ ಧಾಟಿಯಲ್ಲಿ ಹಳೇ ಬಾಕಿ ವಸೂಲಿ! ಮೊದಲೆರಡು ಸಲ ನನಗೆ ಹಿಡಿಸಲಿಲ್ಲ. ವಾದ್ಯದ ಅಬ್ಬರ ಜಾಸ್ತಿ, ಮಾತು ಒಂದರ ಮೇಲೊಂದು ಬೀಳುತ್ತದೆ ಅನ್ನಿಸಿತು. ಆಮೇಲೆ ಯೋಚಿಸಿದರೆ, ಈ ಧಾಟಿಗೆ ಮೊದಲು ಪದಗಳೇ ಇರಲಿಲ್ಲ. ಹೀಬ್ರೂ ಮಾತು ಸೇರಿದ್ದೇ 20ನೇ ಶತಮಾನದಲ್ಲಿ. ಹಾಗಿದ್ದ ಮೇಲೆ ಇವರು ಬೇರೆ ಪದ ತುಂಬಿದರೆ ತಪ್ಪೇನು? ಈಗ ಬೆಲಾಫಾಂಟೆಗಿಂತ ಇದೇ ಮೇಲು ಅನ್ನುತ್ತೇನೆ.

ಡಾನ್ ಬೈರನ್ ಅವರನ್ನೂ ಪಟ್ಟಿಗೆ ಸೇರಿಸಿದ್ದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಕಪ್ಪು ಕ್ಲಾರಿನೆಟ್ ವಾದಕ. ಯಹೂದಿ ಹಾಸ್ಯಗಾರ ಮಿಕ್ಕಿ ಕಾಟ್ಜ್ ಅವರ ತಮಾಷೆ ಹಾಡುಗಳನ್ನು ಹಿಡಿದು 1993ರಲ್ಲಿ ಒಂದಿಡೀ ಆಲ್ಬಂ ಮಾಡಿದರು. ಪೂರ್ವ ಯುರೋಪಿನ ಯಹೂದಿಗಳ ವಾದ್ಯಸಂಗೀತವಾದ ಕ್ಲೆಜ್ಮರ್‌ನಲ್ಲಿ ಬಿಕ್ಕಿದಂತೆ ಸ್ವರ ಮುರಿಯುವುದಕ್ಕೆ 'ಕ್ರೆಖ್ಟ್ಸ್' ಅಂತಾರೆ. ಅದಕ್ಕೋಸ್ಕರ ಕೇಳಿ. ಆ ಯಹೂದಿಗಳ ಆಡುಮಾತಾದ ಯಿಡ್ಡಿಷ್‌ನ ಜೋಕು ಮಾತ್ರ ನನಗೆ ದಕ್ಕಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅಮೆರಿಕದ ಇನ್ನೊಬ್ಬ ಕಪ್ಪು ಗಾಯಕ ಪಾಲ್ ರೋಬ್ಸನ್ ಕೇಳಿದೆ. ಪಂದ್ಯ ಅಲ್ಲಿಗೆ ಮುಗಿಯಿತು.

ಅದೇ ಕಾರ್ನೆಗಿ ಹಾಲ್, 1958ರ ಮೇ. ಹಾಡು ಬೆರ್ಡಿಚೆವ್ ಊರಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಲೆವಿ ಯಿಟ್ಜ್‌ಹಾಕ್ ಅವರದ್ದು ಅಂತ ಹೇಳುವ ಕದ್ದಿಶ್. ಕದ್ದಿಶ್ ಅಂದರೆ ದೇವರನ್ನು ಹೊಗಳುವ ಯಹೂದಿ ಪ್ರಾರ್ಥನೆ. ರಬ್ಬಿ ದೇವರ ಮೇಲೇ ದಾವೆ ಹೂಡುತ್ತಾನೆ. ನಿನ್ನ ಜನಕ್ಕೆ ಯಾಕೆ ಇಷ್ಟು ಕಾಟ? ಇದು ಮುಗಿಯುವ ತನಕ ನಿಂತ ಜಾಗದಿಂದ ಕದಲುವುದಿಲ್ಲ. ದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಈ ಜಗಳ ಹೊಸದಲ್ಲ. ಜಗಳ ಆಡುತ್ತಲೇ ಕೊನೆಗೆ ದೇವರ ಹೆಸರನ್ನು ಹೊಗಳುತ್ತಾನೆ. ರೋಬ್ಸನ್ ಪಾಸ್‌ಪೋರ್ಟನ್ನು ಅಮೆರಿಕದ ಸರ್ಕಾರ 1950ರಲ್ಲೇ ಕಿತ್ತುಕೊಂಡಿತ್ತು. ಆ ಕಛೇರಿ ಹೊತ್ತಿಗೂ ವಾಪಸ್ ಕೊಟ್ಟಿರಲಿಲ್ಲ. ದೇಶ ಬಿಟ್ಟು ಹೋಗದಂತೆ ತಡೆಸಿಕೊಂಡ ಮನುಷ್ಯ 'ಕದಲುವುದಿಲ್ಲ' ಅಂತ ಹಾಡುತ್ತಿದ್ದಾನೆ. ವಾಕಿಂಗ್‌ಗೆ ಇದು ಆಗಲ್ಲ, ನಾನು ಪಾರ್ಕಿನ ಬೆಂಚಿನ ಮೇಲೆ ಸುಮ್ನೆ ಕೂತುಬಿಟ್ಟೆ.

ಒಳ್ಳೆ ಇಯರ್‌ಫೋನ್ ಹಾಕಿಕೊಳ್ಳಿ. ನನ್ನ ಫೋನ್ ಸ್ಪೀಕರ್‌ನಲ್ಲಿ ರೋಬ್ಸನ್ ದನಿಯ ಆ ಮಂದ್ರ ಬರುವುದೇ ಇಲ್ಲ, ನೆಗಡಿಯಾದವರು ಪಕ್ಕದ ಮನೆಯಲ್ಲಿ ಹಾಡಿದ ಹಾಗಿರುತ್ತದೆ.