ಆಷಾಢದಲ್ಲಿ ಚೀಟಿ ಎತ್ತಿದರೆ ಲಾಭ, ಜಾಮೀನು ಮಾತ್ರ ತಲೆನೋವು

ನೋಂದಣಿಯಾದ ಕಂಪನಿಯೊಂದರಲ್ಲಿ ವರ್ಷಗಳಿಂದ ಚೀಟಿ ಹಾಕುತ್ತಿದ್ದೇನೆ. ನನ್ನದು ಚಿಕ್ಕ ಟೈಲರಿಂಗ್ ಅಂಗಡಿ. ಬ್ಯಾಂಕಿನವರು ಕೇಳುವ ಪೇ ಸ್ಲಿಪ್ ನನ್ನ ಹತ್ತಿರ ಇಲ್ಲ. ಹೊಸ ಮಷಿನ್ ಬೇಕೆಂದರೆ ಚೀಟಿಯೇ ಗತಿ.

ಪ್ರತಿ ತಿಂಗಳು ಎಲ್ಲರ ಕಂತು ಸೇರಿದ ದುಡ್ಡನ್ನು ಹರಾಜು ಹಾಕಿ ಒಬ್ಬರಿಗೆ ಕೊಡುತ್ತಾರೆ. ಮಾಮೂಲಿ ಹರಾಜಿನಲ್ಲಿ ಜಾಸ್ತಿ ಕೊಡುವವರು ಗೆಲ್ಲುತ್ತಾರೆ. ಇಲ್ಲಿ ಉಲ್ಟಾ. ಯಾರು ಎಲ್ಲರಿಗಿಂತ ಕಡಿಮೆ ದುಡ್ಡಿಗೆ ಒಪ್ಪುತ್ತಾರೋ ಅವರಿಗೆ ಚೀಟಿ. ನಮ್ಮದು 25 ಜನರ, 1 ಲಕ್ಷದ ಗುಂಪು. ತಿಂಗಳಿಗೆ 4,000. ಒಬ್ಬರು 22,000 ಬಿಟ್ಟುಕೊಟ್ಟು ಎತ್ತಿದರೆ ಅವರ ಕೈಗೆ 78,000. ಬಿಟ್ಟ ದುಡ್ಡಲ್ಲಿ ಕಂಪನಿ ಕಮಿಷನ್ 5,000 ಹೋಗಿ ಉಳಿದ 17,000 ಎಲ್ಲರಿಗೂ ಹಂಚಿಕೆ. ತಲೆಗೆ 680, ಇದಕ್ಕೇ ಡಿವಿಡೆಂಡ್ ಅನ್ನುವುದು. ಕಂತು 3,320ಕ್ಕೆ ಇಳಿಯುತ್ತದೆ. ಚಿಟ್ ಫಂಡ್ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಕಮಿಷನ್ 7% ತನಕ ಹಿಡಿಯಬಹುದು. ಸೇರುವ ಮೊದಲೇ ಕೇಳಿಕೊಳ್ಳಿ.

ಹರಾಜಿನ ದಿನ ಎಂದರೆ ನನಗೆ ಖುಷಿ. ಮಧ್ಯಾಹ್ನ ಊಟ ಬೇಗ ಮುಗಿಸಿ ಕಚೇರಿಗೆ ಹೋಗುತ್ತೇನೆ. ಕೂಗು ನಡೆಯುವುದು ಐದೇ ನಿಮಿಷ. ಯಾವ ತಿಂಗಳು ಎಷ್ಟಕ್ಕೆ ನಿಂತಿತು ಎಂದು ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತೇನೆ. ಆ ಪುಟ ನೋಡಿದರೆ ಊರಿನ ಖರ್ಚೆಲ್ಲ ಕಾಣುತ್ತದೆ. ಮೇ ತಿಂಗಳಲ್ಲಿ ಮದುವೆ, ಅದರ ಬೆನ್ನಿಗೇ ಸ್ಕೂಲ್ ಫೀಸು. ಆಗ ಜನ ಎಷ್ಟು ಬೇಕಾದರೂ ಬಿಡುತ್ತಾರೆ. ಆಷಾಢ ಬಂತೆಂದರೆ ಕೂಗುವವರೇ ಇಲ್ಲ. ಗುಂಪು ಅರ್ಧ ದಾಟಿದ್ದರಂತೂ ಇನ್ನೂ ಸಲೀಸು. ಕಳೆದ ಸಲ ಆಷಾಢದಲ್ಲೇ 7,000 ಬಿಟ್ಟು ಎತ್ತಿದೆ. 93,000 ನನ್ನ ಪಾಲಿಗೆ. ಅಲ್ಲಿಯವರೆಗೆ ಬಂದ ಡಿವಿಡೆಂಡ್ ಲೆಕ್ಕ ಹಾಕಿದರೆ ನನಗೆ ಏನೂ ಹೊರೆ ಬೀಳಲಿಲ್ಲ.

ಆದರೆ ಗೆದ್ದ ಮಾತ್ರಕ್ಕೆ ದುಡ್ಡು ಬರಲ್ಲ. ಉಳಿದ ಕಂತುಗಳಿಗೆ ಜಾಮೀನು ಬೇಕು. ಕೇಳುವುದರಲ್ಲಿ ತಪ್ಪಿಲ್ಲ, ಎತ್ತಿಕೊಂಡವರು ಕಟ್ಟದೆ ಹೋದರೆ ಉಳಿದವರ ಗತಿ ಏನು? ನನ್ನ ಸಿಟ್ಟು ಕೇಳಿದ ರೀತಿಗೆ. ಮೊದಲು ಕಂಪನಿಯವರು ಇಬ್ಬರು ಸಂಬಳದವರು ಸಾಕು ಎಂದರು. ಭಾವನನ್ನೂ ಪಕ್ಕದ ಮನೆಯ ಮೇಷ್ಟ್ರನ್ನೂ ಒಪ್ಪಿಸಿ ಕರೆದುಕೊಂಡು ಹೋದೆ. ಮೇಷ್ಟ್ರು ಮುಂದಿನ ವರ್ಷ ರಿಟೈರ್ ಆಗುತ್ತಾರೆ, ಆಗಲ್ಲ ಎಂದರು. ಅಷ್ಟು ದೊಡ್ಡವರನ್ನು ಅರ್ಧ ದಿನ ರಜೆ ಹಾಕಿಸಿ, ಬೆಂಚಿನ ಮೇಲೆ ಕೂರಿಸಿ, ಹಾಗೇ ವಾಪಸ್ ಕರೆತಂದೆ. ಬೇರೆಯವರನ್ನು ಹುಡುಕಿ ಚೆಕ್ ಕೈಗೆ ಬರುವಷ್ಟರಲ್ಲಿ ಶ್ರಾವಣದ ಬ್ಲೌಸ್ ಕೆಲಸ ಶುರುವಾಗಿತ್ತು. ಓವರ್‌ಲಾಕ್ ಮಷಿನ್ ಬೇಕಿದ್ದುದೇ ಅದಕ್ಕೆ.

ಆದರೂ ನನ್ನಂಥವರಿಗೆ ಇಷ್ಟು ಅಗ್ಗದ ದುಡ್ಡು ಬೇರೆಲ್ಲೂ ಹುಟ್ಟಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಹೊಸ ಗುಂಪಿಗೆ ಸೇರಿದ ದಿನವೇ ಜಾಮೀನಿಗೆ ಯಾರು ಆಗುತ್ತಾರೆ, ಯಾರು ಆಗಲ್ಲ ಎಂದು ಬರೆಸಿ ಮ್ಯಾನೇಜರ್ ಸಹಿ ಹಾಕಿಸಿಕೊಂಡಿದ್ದೇನೆ. ನೀವೂ ಕೇಳಿ, ಬರೆದು ಕೊಡುತ್ತಾರೆ.